ಥೀಸಿಸ್ ಬೈಂಡಿಂಗ್: ಕೆಲಸ ಚೆನ್ನಾಗಿದೆ, ವರ್ಡ್ ಫೈಲ್ ಮಾತ್ರ ಕೊಡಬೇಡಿ

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಹೋದ ತಿಂಗಳು ನನ್ನ ಪಿಎಚ್‌ಡಿ ಥೀಸಿಸ್ ಪ್ರಿಂಟ್ ಹಾಕಿಸಿದೆ. ಅಂಗಡಿ ಹೆಸರು ಬರೆಯುವುದಿಲ್ಲ, ತಪ್ಪಿನಲ್ಲಿ ಅರ್ಧ ಪಾಲು ನನ್ನದೂ ಇದೆ. ನಾನು ಬೆಂಗಳೂರಿನಲ್ಲಿ ಬಯೋಕೆಮಿಸ್ಟ್ರಿ ಮಾಡುತ್ತಿದ್ದೇನೆ, ಬರೆಯೋಕೆ ಅಂತ ಊರಿಗೆ ಬಂದಿದ್ದೆ.

ಬೈಂಡಿಂಗ್ ಗಟ್ಟಿ. ಹೊಲಿಗೆ ಹಾಕಿ ಅಂಟಿಸುತ್ತಾರೆ, ಪುಸ್ತಕ ಪೂರ್ತಿ ಬಿಚ್ಚಿಟ್ಟರೂ ಹಾಳೆ ಕಿತ್ತು ಬರುವುದಿಲ್ಲ. ರೇಟೂ ಬೆಂಗಳೂರಿಗಿಂತ ಕಡಿಮೆ. 'ಸಂಜೆ ಬಾಮ್ಮ' ಅಂದರೆ ಮಾರನೇ ಸಂಜೆ ಅಂತ ತಿಳಿದುಕೊಳ್ಳಿ, ಅಷ್ಟೇ.

ಎಡವಟ್ಟು ಆಗಿದ್ದು ಫಾಂಟ್‌ನಲ್ಲಿ. ಮೈಕ್ರೋ ಚಿಹ್ನೆಗೆ ನಾನು ಹಳೇ ಅಭ್ಯಾಸದಂತೆ ಎಂ ಅಕ್ಷರ ಒತ್ತಿ ಸಿಂಬಲ್ ಫಾಂಟ್ ಹಾಕಿದ್ದೆ. ಅಂಗಡಿಯ ಹುಡುಗ 'ನೀಟಾಗಿ ಕಾಣಲಿ' ಅಂತ ಇಡೀ ಫೈಲ್ ಸೆಲೆಕ್ಟ್ ಮಾಡಿ ಟೈಮ್ಸ್ ನ್ಯೂ ರೋಮನ್‌ಗೆ ಬದಲಾಯಿಸಿದ. ಚಿಹ್ನೆಗಳೆಲ್ಲ ಮತ್ತೆ ಎಂ ಆದವು. 30 ಮೈಕ್ರೋಗ್ರಾಂ ಪ್ರೋಟೀನ್ ಇದ್ದಿದ್ದು 30 ಮಿಲಿಗ್ರಾಂ ಆಯಿತು, ಅಂದರೆ ಸಾವಿರ ಪಟ್ಟು! ಯಾವ ಪ್ರೋಟೀನ್ ಎಷ್ಟಿದೆ ಅಂತ ಪಟ್ಟಿಗಳಲ್ಲಿ ತೋರಿಸುವ ವೆಸ್ಟರ್ನ್ ಬ್ಲಾಟ್ ಚಿತ್ರಗಳದ್ದು ಇನ್ನೊಂದು ಕಥೆ. ಅದರಲ್ಲಿ ಪಟ್ಟಿ ಎಷ್ಟು ಗಾಢ, ಎಷ್ಟು ಮಸುಕು ಅನ್ನುವುದೇ ಫಲಿತಾಂಶ. ಇವರು ಇಂಕ್ ಉಳಿಸುವ ಸೆಟ್ಟಿಂಗ್‌ನಲ್ಲಿ ಹೊಡೆದು ಮಸುಕು ಪಟ್ಟಿಗಳೆಲ್ಲ ಮಾಯ. ಕೇಳಿದ್ದಕ್ಕೆ ಆ ಪುಟಗಳನ್ನೆಲ್ಲ ದುಡ್ಡು ತಗೊಳ್ಳದೆ ಮತ್ತೆ ಹಾಕಿಕೊಟ್ಟರು, ಅದನ್ನೂ ಹೇಳಬೇಕು.

ಕಾಯುವಾಗ ಅಂಗಡಿಯ ಯಜಮಾನರು 180 ಪುಟದ ಕಟ್ಟನ್ನು ಕೈಯಲ್ಲಿ ತೂಗಿ 'ಐದು ವರ್ಷಕ್ಕೆ ಇಷ್ಟೇನಾಮ್ಮ?' ಅಂದರು. ನಗು ಬಂತು, ಸ್ವಲ್ಪ ಉರಿಯೂ ಆಯಿತು. ಯುಜಿಸಿ ಲೆಕ್ಕದಲ್ಲಿ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6. ಮೊದಲು ಕೋರ್ಸ್‌ವರ್ಕ್, ಪರೀಕ್ಷೆ. ರೋಗಿಗಳ ರಕ್ತದ ಸ್ಯಾಂಪಲ್ ಬೇಕಾದರೆ ಎಥಿಕ್ಸ್ ಕಮಿಟಿ ಒಪ್ಪಿಗೆ. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿ ಮುಂದೆ ನಿಂತು ಏನು ಮಾಡಿದೆ ಅಂತ ಒಪ್ಪಿಸಬೇಕು. ಇದೆಲ್ಲ ಸರಿ ಅಂಕಲ್, ಆದರೆ ನನ್ನ ಮೂರನೇ ವರ್ಷ ಲ್ಯಾಬ್‌ನಲ್ಲಿ ಬೆಳೆಸುತ್ತಿದ್ದ ಜೀವಕೋಶಗಳಿಗೆ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಸೇರಿಕೊಂಡಿತು ಅಂದೆ. ಬೇರೆ ಬ್ಯಾಕ್ಟೀರಿಯಾ ಬಂದರೆ ದ್ರವ ಕದಡುತ್ತದೆ, ಗೊತ್ತಾಗುತ್ತದೆ. ಇದು ಹಾಗಲ್ಲ, ಮಾಮೂಲಿ ಮೈಕ್ರೋಸ್ಕೋಪಿನಲ್ಲೂ ಕಾಣುವುದಿಲ್ಲ, ಕೋಶಗೋಡೆಯೇ ಇಲ್ಲದ್ದರಿಂದ ಪೆನ್ಸಿಲಿನ್‌ಗೂ ಬಗ್ಗುವುದಿಲ್ಲ, ಕೋಶಗಳು ಬೆಳೆಯುತ್ತಲೇ ಇರುತ್ತವೆ, ನಾವು ಮಾತ್ರ ಸುಮ್ನೆ ತಪ್ಪು ಅಂಕಿ ಬರೆದುಕೊಳ್ಳುತ್ತಾ ಹೋಗುತ್ತೇವೆ. ಟೆಸ್ಟ್ ಮಾಡಿಸಿ ಗೊತ್ತಾದ ಮೇಲೆ ಎಲ್ಲ ಎಸೆದು ಮೊದಲಿಂದ ಶುರು. ನಾಲ್ಕು ತಿಂಗಳು ಹೋಯಿತು. ಆ ನಾಲ್ಕು ತಿಂಗಳಿಗೆ ಥೀಸಿಸ್‌ನಲ್ಲಿ ಒಂದು ಸಾಲೂ ಇಲ್ಲ.

ಯಜಮಾನರದು ಸಕಲೇಶಪುರದ ಕಡೆ ಸ್ವಲ್ಪ ತೋಟ. 'ಕಾಫಿ ಗಿಡಕ್ಕೆ ಬೋರರ್ ಹುಳ ಬಿದ್ದ ಹಾಗೆ' ಅಂದರು. 'ಒಳಗೆ ತಿಂದಿರುತ್ತೆ, ಮೇಲೆ ಹಸಿರು. ಕಿತ್ತು ಸುಡೋದೇ.' ನನ್ನ ಗೈಡ್‌ಗೂ ಇಷ್ಟು ಬೇಗ ಅರ್ಥವಾಗಿರಲಿಲ್ಲ ಕಣ್ರೀ.

ಹೋಗುವವರು ಪಿಡಿಎಫ್ ಮಾಡಿಕೊಂಡೇ ಹೋಗಿ. ಒಂದು ಚಿತ್ರದ ಪುಟ ಮೊದಲು ಹಾಕಿಸಿ ನೋಡಿ. ಈಗಲೇ ಹಾರ್ಡ್ ಬೈಂಡ್ ಬೇಡ, ಹೊರಗಿನ ಇಬ್ಬರು ಪರೀಕ್ಷಕರು ಓದಿ ತಿದ್ದುಪಡಿ ಹೇಳುತ್ತಾರೆ, ವೈವಾ ಮುಗಿದ ಮೇಲೆ ಚಿನ್ನದ ಅಕ್ಷರ ಹಾಕಿಸಿದರಾಯಿತು. ಐದಕ್ಕೆ ನಾಲ್ಕು ಸ್ಟಾರ್. ನನ್ನ ಫೈನಲ್ ಕಾಪಿಗೂ ಅಲ್ಲಿಗೇ ಹೋಗುತ್ತೇನೆ. ಭಾನುವಾರ ಬಾಗಿಲು ಹಾಕಿರುತ್ತದೆ.