ಸಾಲ್ಟ್ ಲೇಕ್ ಸಿಟಿಯ ತಾರತಮ್ಯ ತಡೆ ನಿಯಮ: ಐದಕ್ಕೆ ಮೂರು ಸ್ಟಾರ್

ಯೂಟಾ ಅಂದ್ರೆ ಅಮೆರಿಕದ ಪಕ್ಕಾ ಸಂಪ್ರದಾಯಸ್ಥ ರಾಜ್ಯ, ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ಚರ್ಚಿನ ಮಾತಿಗೆ ಅಲ್ಲಿ ತೂಕ ಜಾಸ್ತಿ. ಅಂಥ ಕಡೆ 2009ರಲ್ಲಿ ರಾಜಧಾನಿ ಸಾಲ್ಟ್ ಲೇಕ್ ಸಿಟಿಯ ನಗರ ಕೌನ್ಸಿಲ್, ಸಲಿಂಗಿಗಳನ್ನು ಮತ್ತು ಟ್ರಾನ್ಸ್‌ಜೆಂಡರ್ ಜನರನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯಬಾರದು, ಬಾಡಿಗೆ ಮನೆ ಕೊಡಲ್ಲ ಅನ್ನಬಾರದು ಅಂತ ನಿಯಮ ಮಾಡಿತು. ವಿರೋಧಿಸಿ ಒಂದು ಮತವೂ ಬೀಳಲಿಲ್ಲ. ಚರ್ಚಿನ ಪ್ರತಿನಿಧಿಯೇ ಸಭೆಯಲ್ಲಿ ಬೆಂಬಲಿಸಿ ಮಾತಾಡಿದರು! ಇದಕ್ಕೆ ಪೂರ್ತಿ ಅಂಕ.

ಆದರೆ ವಿನಾಯಿತಿಗಳನ್ನು ಓದಿ ನೋಡಿ. ಧಾರ್ಮಿಕ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ, ಸರಿ. 15ಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಯೂ ಇಲ್ಲ. ಅಂದರೆ ಹತ್ತು ಜನರ ಗ್ಯಾರೇಜಿನಲ್ಲಿ ದುಡಿಯುವ ಹುಡುಗನ ಫೋನಿನಲ್ಲಿ ಅವನ ಗೆಳೆಯನ ಫೋಟೊ ನೋಡಿ ಮಾಲೀಕ ನಾಳೆಯಿಂದ ಬರಬೇಡ ಅಂದರೆ, ಈ ನಿಯಮ ಸುಮ್ನೆ ನೋಡುತ್ತಾ ನಿಲ್ಲುತ್ತದೆ. ರಕ್ಷಣೆ ಜಾಸ್ತಿ ಬೇಕಾದದ್ದು ಅಂಥವನಿಗೇ ಅಲ್ವಾ?

2015ರಲ್ಲಿ ರಾಜ್ಯವೇ ಇದೇ ಮಾದರಿಯ ಕಾನೂನು ತಂದಿತು. ಅದರಲ್ಲೂ ಕೆಲಸ, ಮನೆ ಎರಡೇ. ಹೋಟೆಲು, ಅಂಗಡಿಗಳಲ್ಲಿ ಗಿರಾಕಿಗಳಿಗೆ ಮಾಡುವ ತಾರತಮ್ಯ ಸೇರಲಿಲ್ಲ. ಕೆಲಸದ ದೂರನ್ನು 180 ದಿನದೊಳಗೆ ಕೊಡಬೇಕು. ಕೆಲಸ ಹೋದವರು ಮೊದಲು ಬೇರೆ ಕೆಲಸ ಹುಡುಕಿಕೊಂಡು ಅಲೆಯುತ್ತಾರೆ, ಕಾಗದಪತ್ರ ಜೋಡಿಸುವುದು ಆಮೇಲಿನ ಮಾತು. ಹೋಟೆಲು, ಅಂಗಡಿಯನ್ನೂ ಸೇರಿಸಿದರೆ ನಾಲ್ಕನೇ ಸ್ಟಾರ್ ಕೊಡುತ್ತೇನೆ.