ಎಸ್‌ಪಿ ರಸ್ತೆಯ ಬಲ್ಬ್ ರಿಪೇರಿ ಅಂಗಡಿ: ಹೋಗಿ, ಆದರೆ ಡಿಒಬಿ ಪ್ಲೇಟ್ ಬೇಡ ಅನ್ನಿ

ಬೆಂಗಳೂರಿನ ಎಸ್‌ಪಿ ರಸ್ತೆಯ ಗದ್ದಲ ದಾಟಿ ಒಂದು ಅಡ್ಡಗಲ್ಲಿಗೆ ತಿರುಗಿದರೆ, ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ಸ್ಟೂಲು, ಒಂದು ಸೋಲ್ಡರಿಂಗ್ ಐರನ್. ಅಂಗಡಿ ಅಂದರೆ ಅಷ್ಟೇ. ಬೋರ್ಡು ಕೂಡ ಇಲ್ಲ. ‘ಬಲ್ಬ್ ರಿಪೇರಿ ಎಲ್ಲಿ’ ಅಂತ ಕೇಳಿದರೆ ಅಕ್ಕಪಕ್ಕದವರೇ ಕೈ ತೋರಿಸುತ್ತಾರೆ.

ನಾನು ಶ್ರೀನಗರದಲ್ಲಿ ಬ್ಲೌಸ್ ಹೊಲಿಯುವವಳು. ಲೈನಿಂಗು, ಹುಕ್ಕು, ದಾರ ತರೋಕೆ ಚಿಕ್ಕಪೇಟೆಗೆ ಹೇಗೂ ಹೋಗುತ್ತಿರುತ್ತೇನೆ. ಮೆಷಿನ್ ಮೇಲಿನ ಬಲ್ಬು ಕೈಕೊಟ್ಟರೆ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣುವುದಿಲ್ಲ, ಕೆಲಸ ನಿಂತಂತೆಯೇ. ಹಾಗಾಗಿ ಸತ್ತ ಬಲ್ಬುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಅಲ್ಲಿಗೆ ಹೋದೆ.

ರಿಪೇರಿಯವರು ಬಲ್ಬ್ ಬಿಚ್ಚುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ. ‘ಇದನ್ನ ಎಲ್ಲಿ ಹಾಕಿದ್ರಿ?’ ಈ ವಿಮರ್ಶೆ ಬರೆಯಬೇಕು ಅನಿಸಿದ್ದೇ ಆ ಪ್ರಶ್ನೆಯಿಂದ. ಬಲ್ಬ್ ಹೋಯಿತು ಅಂದರೆ ಎಲ್ಲರೂ ಕಂಪನಿಗೆ ಬೈಯುತ್ತಾರೆ. ಇವರು ಬಲ್ಬು ಇದ್ದ ಜಾಗವನ್ನು ವಿಚಾರಿಸುತ್ತಾರೆ.

ಬಿಚ್ಚುವುದನ್ನು ನಿಂತು ನೋಡಿ. ಚಪ್ಪಟೆ ಚಾಕು ತೂರಿಸಿ ಬಿಳಿ ಪ್ಲಾಸ್ಟಿಕ್ ಟೋಪಿ ಎಬ್ಬಿಸಿದರೆ ಒಳಗೆ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಹಳದಿ ಚುಕ್ಕಿಗಳ ಹಾಗೆ ಎಲ್‌ಇಡಿಗಳು. ನನ್ನ ಬಲ್ಬಿನಲ್ಲಿ ಒಂದೇ ಒಂದು ಚುಕ್ಕಿಯ ನಡುವೆ ಸೂಜಿಮೊನೆಯಷ್ಟು ಕಪ್ಪು ಕಲೆ ಇತ್ತು. ಅಷ್ಟಕ್ಕೇ ಇಡೀ ಬಲ್ಬು ಕತ್ತಲು. ಗಣೇಶನ ಹಬ್ಬದ ಸೀರಿಯಲ್ ಸೆಟ್ ನೋಡಿದ್ದೀರಲ್ವಾ, ಇದೂ ಹಾಗೇ. ಕರೆಂಟು ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಹರಿಯುತ್ತದೆ, ಒಂದು ಕಡಿದರೆ ಎಲ್ಲ ಬಂದ್. ಟೆಸ್ಟರಿನ ಎರಡು ಮೊನೆ ಇಟ್ಟು ಒಂದೊಂದನ್ನೇ ಮುಟ್ಟುತ್ತಾ ಹೋದರು. ಮಿಕ್ಕವೆಲ್ಲ ಮಿನುಗಿದವು, ಕಲೆ ಇದ್ದದ್ದು ಮಾತ್ರ ಸುಮ್ಮನಿತ್ತು. ಅದರ ಮೇಲೆ ಸೀಸ ಹಚ್ಚಿ ಸೇತುವೆ ಮಾಡಿಬಿಟ್ಟರೆ ಬಲ್ಬು ಮತ್ತೆ ಉರಿಯುತ್ತದೆ. ಆದರೆ ಅಗ್ಗದ ಬಲ್ಬುಗಳಲ್ಲಿ ಉಳಿದ ಚುಕ್ಕಿಗಳ ಮೇಲೆ ಹೊರೆ ಬೀಳುತ್ತದೆ. ‘ಜಾಸ್ತಿ ದಿನ ಬರಲ್ಲ ಮೇಡಂ’ ಅಂತ ಅವರೇ ಹೇಳಿದರು. ಆ ಮಾತಿಗೇ ಒಂದು ಸ್ಟಾರ್ ಕೊಡಬಹುದು.

ಬಾತ್‌ರೂಮಿನ ಬಲ್ಬಿನ ಕಥೆ ಬೇರೆ. ಎಲ್‌ಇಡಿಗಳು ಚೆನ್ನಾಗಿಯೇ ಇದ್ದವು. ಕೆಳಗಿನ ಡ್ರೈವರ್‌ನಲ್ಲಿ, ಅಂದರೆ ಮನೆಯ ಕರೆಂಟನ್ನು ಎಲ್‌ಇಡಿಗೆ ಒಗ್ಗಿಸುವ ಸರ್ಕ್ಯೂಟಿನಲ್ಲಿ, ಚಿಕ್ಕ ಡಬ್ಬಿಯಂಥ ಕೆಪಾಸಿಟರ್ ತಲೆ ಉಬ್ಬಿಸಿಕೊಂಡಿತ್ತು, ಸುತ್ತಲಿನ ಬೋರ್ಡು ಕಂದು ಬಣ್ಣಕ್ಕೆ ತಿರುಗಿತ್ತು. ಅದರೊಳಗಿನ ದ್ರವ ಬಿಸಿಗೆ ಒಣಗುತ್ತಾ ಬರುತ್ತದೆ. ಶಾಖ 10 ಡಿಗ್ರಿ ಕಮ್ಮಿಯಾದರೆ ಕೆಪಾಸಿಟರಿನ ಆಯಸ್ಸು ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ ಅನ್ನುವುದು ಈ ಕಸುಬಿನವರ ಲೆಕ್ಕ. ನಮ್ಮ ಬಾತ್‌ರೂಮಿನಲ್ಲಿ ಬಲ್ಬು ಇರುವುದು ಪೂರ್ತಿ ಮುಚ್ಚಿದ ಗಾಜಿನ ಗ್ಲೋಬಿನೊಳಗೆ, ತಲೆಕೆಳಗಾಗಿ. ಬಿಸಿಗಾಳಿ ಮೇಲಕ್ಕೇರಿ ನೇರವಾಗಿ ಡ್ರೈವರ್ ಇರುವ ಕುತ್ತಿಗೆಗೇ ಹೋಗಿ ಕೂರುತ್ತದೆ. ಹೊರಗೆ ಹೋಗೋಕೆ ದಾರಿಯೇ ಇಲ್ಲ.

ಪೆಟ್ಟಿಗೆಯ ಮೇಲೆ 25,000 ಗಂಟೆ ಅಂತ ಅಚ್ಚು ಹಾಕಿರುತ್ತಾರೆ. ದಿನಕ್ಕೆ 5 ಗಂಟೆ ಅಂದರೆ 13 ವರ್ಷ ದಾಟಬೇಕು. ಆ ಲೆಕ್ಕ ಗಾಳಿ ಆಡುವ ಜಾಗದ್ದು, ಗ್ಲೋಬಿನದ್ದಲ್ಲ. ಸರ್ಕಾರದ ‘ಹೊಸ ಬೆಳಕು’ ಯೋಜನೆಯಲ್ಲಿ ತಗೊಂಡ 9 ವ್ಯಾಟ್ ಬಲ್ಬೊಂದು ನಮ್ಮ ಹಜಾರದ ತೆರೆದ ಹೋಲ್ಡರಿನಲ್ಲಿ ಇವತ್ತಿಗೂ ಉರಿಯುತ್ತಿದೆ. ಅದರ ಜೊತೆಯಲ್ಲೇ ತಂದು ಗ್ಲೋಬಿಗೆ ಹಾಕಿದ್ದು ಯಾವತ್ತೋ ಸತ್ತಿತು. ಈಗ ಗ್ಲೋಬಿಗೆ 5 ವ್ಯಾಟಿನದು ಹಾಕಿದ್ದೇನೆ. ಸ್ನಾನಕ್ಕೆ ಅಷ್ಟು ಬೆಳಕು ಧಾರಾಳ.

ಮೆಷಿನ್ ಮೇಲಿನ ಹೋಲ್ಡರ್ ಬಗ್ಗೆಯೂ ಕೇಳಿದರು. ಚಟಚಟ ಸದ್ದು ಬರುತ್ತಾ? ಬರುತ್ತಿತ್ತು. ಒಳಗಿನ ಎರಡು ಪಿನ್ನುಗಳ ಸ್ಪ್ರಿಂಗ್ ಸೋತರೆ ಬಲ್ಬಿಗೆ ಸರಿಯಾಗಿ ತಾಗುವುದಿಲ್ಲ, ಕಿಡಿ ಹಾರುತ್ತದೆ, ಆ ಏಟೆಲ್ಲ ಡ್ರೈವರಿಗೆ. ಇಂಥ ಹೋಲ್ಡರಿಗೆ ಎಷ್ಟು ದುಬಾರಿ ಬಲ್ಬ್ ಹಾಕಿದರೂ ದಂಡ. ಹೊಸ ಹೋಲ್ಡರ್ ಹಾಕಿಸಿದೆ, ಸದ್ದು ನಿಂತಿದೆ.

ಮನೆಯಲ್ಲಿ ಮೇಲಿಂದ ಮೇಲೆ ಎಲ್ಲ ಕಡೆ ಬಲ್ಬ್ ಹೋಗುತ್ತಿದ್ದರೆ ಮಾತ್ರ ರಿಪೇರಿಗೆ ಬರಬೇಡಿ, ಮೊದಲು ವೈರಿಂಗ್ ನೋಡಿಸಿ ಅಂತಾರೆ. ಮೂರು ಫೇಸ್ ಇರುವ ಕಟ್ಟಡದಲ್ಲಿ ಒಂದು ಕಡೆ ಇಸ್ತ್ರಿ ಪೆಟ್ಟಿಗೆ ಹಾಕಿದಾಗ ಇನ್ನೊಂದು ಕಡೆ ಬೆಳಕು ಝಗ್ ಅಂತ ಏರಿದರೆ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ತಂತಿ) ಸಡಿಲ ಇರಬಹುದು. ಆಗ 230 ವೋಲ್ಟ್ ಬರಬೇಕಾದ ಕಡೆ 300 ದಾಟಿ ಬರಬಹುದು. ಬಲ್ಬಿನ ಮಾತಿರಲಿ, ಟಿವಿ ಫ್ರಿಜ್ಜೂ ಹೋಗುತ್ತವೆ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ತೊಂದರೆ ಕಂಬದಲ್ಲಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಈಗ ನನ್ನ ತಕರಾರು. ಕೇಳದೇ ಇದ್ದರೆ ಇಲ್ಲಿ ಡಿಒಬಿ (ಡ್ರೈವರ್ ಆನ್ ಬೋರ್ಡ್) ಪ್ಲೇಟ್ ಹಾಕಿಬಿಡುತ್ತಾರೆ. ಅದರಲ್ಲಿ ಡ್ರೈವರ್ ಬೇರೆ ಇರುವುದಿಲ್ಲ, ಎಲ್‌ಇಡಿಗಳ ಪಕ್ಕದಲ್ಲೇ, ಅದೇ ಬಿಸಿ ತಟ್ಟೆಯ ಮೇಲೆ ಕೂತಿರುತ್ತದೆ. ಅಗ್ಗ, ಬೇಗ ಆಗುತ್ತದೆ. ಆದರೆ ನನಗೆ ಹಾಕಿಕೊಟ್ಟ ಒಂದರಲ್ಲಿ ಬೆಳಕು ಸಣ್ಣಗೆ ಅದುರುತ್ತಿತ್ತು, ಸೂಜಿಗೆ ದಾರ ಪೋಣಿಸುವಾಗ ಕಣ್ಣು ನೋಯುತ್ತಿತ್ತು. ವಾಪಸ್ ತಗೊಂಡು ಹೋದರೆ ಬೇರೆ ಡ್ರೈವರ್ ಇರುವುದನ್ನು ಹಾಕಿಕೊಟ್ಟರು, ಮೇಲೆ 20 ರೂಪಾಯಿ ಜಾಸ್ತಿ. ಮೊದಲೇ ಹೇಳಬಹುದಿತ್ತಲ್ವಾ? ಬಿಲ್ ಇಲ್ಲ, ಗ್ಯಾರಂಟಿಯೂ ಇಲ್ಲ.

ವಾರಂಟಿ ಇನ್ನೂ ಮುಗಿಯದ ಬಲ್ಬನ್ನು ಇಲ್ಲಿಗೆ ತರಬೇಡಿ. ಬಿಚ್ಚಿದ ಮೇಲೆ ಕೊಂಡ ಅಂಗಡಿಯವರು ಬದಲಿಸಿ ಕೊಡುವುದಿಲ್ಲ. ನಾನೀಗ ಹೊಸ ಬಲ್ಬ್ ಹಾಕುವಾಗ ಕುತ್ತಿಗೆಯ ಮೇಲೆ ಮಾರ್ಕರಿನಲ್ಲಿ ತಿಂಗಳು, ವರ್ಷ ಬರೆದಿಡುತ್ತೇನೆ. ಬಿಲ್ಲು ಹುಕ್ಕಿನ ಡಬ್ಬಿಯಲ್ಲಿ.

ಐದಕ್ಕೆ ಮೂರೂವರೆ. ಗಾಡಿ ತಗೊಂಡು ಹೋಗಬೇಡಿ, ನಿಲ್ಲಿಸೋಕೆ ಜಾಗವಿಲ್ಲ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆಯಿರಿ. ಭಾನುವಾರ ಮುಚ್ಚಿರುತ್ತದೆ.