ಪೆಟ್ರೋಲ್, ಐಪಿಎ, ಲೈಟರ್ ದ್ರವ: ಮಾವನ ಯಾಶಿಕಾಗೆ ಮೂರನ್ನೂ ಹಾಕಿ ನೋಡಿದೆ

ನನ್ನ ಸೋದರಮಾವ ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಮದುವೆ, ಸೀಮಂತ, ಶಾಲೆಯ ಗ್ರೂಪ್ ಫೋಟೋ, ಎಲ್ಲಕ್ಕೂ ಒಂದೇ ಕ್ಯಾಮೆರಾ: ಯಾಶಿಕಾ ಮ್ಯಾಟ್ 124ಜಿ. ಮೇಲೊಂದು, ಕೆಳಗೊಂದು ಲೆನ್ಸ್. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ನೋಡುವಂಥದ್ದು. 1970ರಿಂದ 1986ರವರೆಗೆ ತಯಾರಾದ ಮಾಡೆಲ್. ಡಿಜಿಟಲ್ ಬಂದ ಮೇಲೆ ಅದು ಟ್ರಂಕು ಸೇರಿತ್ತು, ಡಾಂಬರ್ ಗುಳಿಗೆ ಜೊತೆ. ಹೋದ ವರ್ಷ ಮನೆ ಬದಲಾಯಿಸುವಾಗ ಮಾವ ಅದನ್ನು ನನ್ನ ಕೈಗಿಟ್ಟರು. "ಬೇಕಾದ್ರೆ ಇಟ್ಕೊಳೋ, ಇಲ್ಲಂದ್ರೆ ಗುಜರಿಗೆ ಹೋಗ್ತೈತೆ."

ಒಂದು ಸೆಕೆಂಡಿಗೆ ಇಟ್ಟು ಒತ್ತಿದೆ. ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಡುವ ಲೆನ್ಸಿನೊಳಗಿನ ಪರದೆ, ತೆರೆಯಿತು. ಮುಚ್ಚಲೇ ಇಲ್ಲ. ಹಿಂದಿನ ಬಾಗಿಲು ತೆಗೆದರೆ ಬೆಳಕು ಒಳಗೆ ನುಗ್ಗದಂತೆ ತಡೆಯುವ ಅಂಚಿನ ಸ್ಪಂಜು ಕರಗಿ ಟಾರಿನ ಹಾಗೆ ಬೆರಳಿಗೆ ಅಂಟಿತು. ಬೆಂಗಳೂರಿನ ರಿಪೇರಿಯವರೊಬ್ಬರನ್ನು ಕೇಳಿದೆ. ನಾಲ್ಕೂವರೆ ಸಾವಿರ ರೂಪಾಯಿ, ಎರಡು ತಿಂಗಳು ಅಂದರು. ಕ್ಯಾಮೆರಾ ಬಂದಿದ್ದೇ ಪುಕ್ಕಟೆ, ಕೆಟ್ಟರೆ ಕೆಡಲಿ ಅಂತ ನಾನೇ ಕೈ ಹಾಕಿದೆ.

ಮೊದಲು ರೋಗ ಏನು ಅಂತ ಹೇಳ್ತೀನಿ. ಈ ಶಟರ್‌ನ ಬ್ಲೇಡುಗಳು ಕಾಗದದಷ್ಟು ತೆಳು. ಅವು ಒಣಗಿದ್ದರೇ ಓಡುವುದು. ಒಂದು ಹನಿ ಎಣ್ಣೆ ಬಿದ್ದರೂ ಒದ್ದೆ ಗಾಜಿನ ಹಾಳೆಗಳ ಹಾಗೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಇದರಲ್ಲಿ ಎಣ್ಣೆ ಎಲ್ಲಿಂದ ಬಂತು? ಮಾವನನ್ನೇ ಕೇಳಿದೆ. ನಕ್ಕರು. "ನಮ್ ಹುಡುಗ ಮಿಷನ್ ಎಣ್ಣಿ ಬಿಟ್ಟಿದ್ದ ನೋಡು, ಆವಾಗ ಚೆನ್ನಾಗೇ ಓಡ್ತಿತ್ತು!" ಅಕ್ಕಪಕ್ಕ ಎಲ್ಲಾ ಜೀನ್ಸ್ ಹೊಲಿಯುವ ಮನೆಗಳು. ಹೊಲಿಗೆ ಮಿಷನ್ನಿಗೆ ಹಾಕುವ ಎಣ್ಣೆ ಯಾರ ಮನೆಯಲ್ಲಾದರೂ ಸಿಗುತ್ತೆ. ಹಾಕಿದ ವಾರ ಚೆನ್ನಾಗಿ ಓಡಿರುತ್ತದೆ, ನಿಜ. ಆಮೇಲೆ ನಮ್ಮ ಬಿಸಿಲಿಗೆ ಎಣ್ಣೆ ತೆಳ್ಳಗಾಗಿ ಬ್ಲೇಡಿಗೆ ಹರಿಯಿತು. ಮೇಲೆ ಅದಿರಿನ ಕೆಂಪು ಧೂಳು ಕೂತಿತು. ಇಪ್ಪತ್ತು ವರ್ಷದಲ್ಲಿ ಅಂಟಾಯಿತು.

ಅಂದರೆ ನನಗೆ ಬೇಕಾಗಿದ್ದು ಆ ಅಂಟನ್ನು ಕರಗಿಸಿ, ಏನೂ ಉಳಿಸದೆ ಆರಿ ಹೋಗುವ ದ್ರವ. ಈ ಕ್ಯಾಮೆರಾದಲ್ಲಿ ಒಂದು ಅನುಕೂಲ ಇದೆ. ಕೆಳಗಿನ ಲೆನ್ಸಿನ ಮುಂಭಾಗ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಕೈಗೆ ಹಿಡಿತ ಸಿಗದಿದ್ದರೆ ಒಂದು ರಬ್ಬರ್ ಬಿರಡೆ ಒತ್ತಿ ತಿರುಗಿಸಬೇಕು. ಸ್ಕ್ರೂಡ್ರೈವರ್ ಬೇಕಿಲ್ಲ. ಬಿಚ್ಚಿದರೆ ಬ್ಲೇಡು ಕಣ್ಣೆದುರಿಗೇ ಇರುತ್ತದೆ.

ಅಳತೆಗೆ ಫೋನು ಸಾಕು. ಹಿಂದಿನ ಬಾಗಿಲು ತೆಗೆದು, ಮುಂದೆ ಬಲ್ಬ್ ಇಟ್ಟು, ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಬೆಳಕು ಕಾಣುವ ಫ್ರೇಮುಗಳನ್ನು ಎಣಿಸಿ. ಒಂದು ಸೆಕೆಂಡಿಗೆ 240 ಬರಬೇಕು, 1/30ಕ್ಕೆ 8, 1/60ಕ್ಕೆ 4. ಅದಕ್ಕಿಂತ ವೇಗದ್ದು ಈ ಲೆಕ್ಕಕ್ಕೆ ಸಿಗಲ್ಲ.

ಮೊದಲು ಪೆಟ್ರೋಲ್. ಸ್ಕೂಟರ್‌ನಿಂದ ಅರ್ಧ ಲೋಟ ತೆಗೆದೆ. ಇಯರ್‌ಬಡ್ ಅದ್ದಿ ಒರೆಸಿದೆ, ಕಪ್ಪು ಬಂತು. ಶಟರ್ ಒಂದೇ ಸಲಕ್ಕೆ ಟಕ್ ಅಂತ ಮುಚ್ಚಿತು. ಗೆದ್ದೆ ಅಂದುಕೊಂಡು ಮಲಗಿದೆ. ಬೆಳಿಗ್ಗೆ ಮತ್ತೆ ಅಂಟಿತ್ತು. ಟಾರ್ಚ್ ಹಿಡಿದು ನೋಡಿದರೆ ಬ್ಲೇಡಿನ ಮೇಲೆ ತೆಳು ಹಳದಿ ಪೊರೆ. ಪೆಟ್ರೋಲ್ ಬಂಕಿನ ಪೆಟ್ರೋಲ್ ಶುದ್ಧ ದ್ರಾವಕ ಅಲ್ಲ. ಬಣ್ಣ, ಎಂಜಿನ್ನಿಗೆ ಬೇಕಾದ ರಾಸಾಯನಿಕಗಳು, ಈಗ 20% ಎಥೆನಾಲ್ ಬೇರೆ. ಪೆಟ್ರೋಲ್ ಹಾರಿ ಹೋಯಿತು, ಉಳಿದದ್ದು ಬ್ಲೇಡಿಗೆ ಅಂಟಿಕೊಂಡಿತು. ವಾಸನೆ ಒಂದು ವಾರ ಹೋಗಲಿಲ್ಲ. ಮನೆಯಲ್ಲಿ ಬೈಸಿಕೊಂಡಿದ್ದು ಲೆಕ್ಕಕ್ಕಿಲ್ಲ.

ಎರಡನೆಯದು ಐಪಿಎ. ಇದು ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ತೊಳೆಯಲು ಬಳಸುವ ಆಲ್ಕೋಹಾಲು. ರಾಯಲ್ ಸರ್ಕಲ್ ಹತ್ತಿರದ ಅಂಗಡಿಯ ಹುಡುಗ ಸಣ್ಣ ಶೀಶೆಗೆ ಹಾಕಿಕೊಟ್ಟ. "ಸ್ಯಾನಿಟೈಸರ್ ಮಾತ್ರ ಹಾಕಬ್ಯಾಡಣ್ಣ, ಅದ್ರಾಗ ನೀರು, ಗ್ಲಿಸರಿನ್ ಇರ್ತೈತೆ" ಅಂತ ಅವನೇ ಎಚ್ಚರಿಸಿದ. ಪೆಟ್ರೋಲಿನ ಹಳದಿ ಪೊರೆಯನ್ನು ಐಪಿಎ ಚೆನ್ನಾಗಿಯೇ ತೆಗೆಯಿತು. ಬ್ಲೇಡು ಈಗ ಅಂಟಲ್ಲ. ಆದರೆ ಒಂದು ಸೆಕೆಂಡು ಅಂದರೆ 510 ಫ್ರೇಮು! ನಿಧಾನದ ವೇಗಗಳನ್ನು ನಡೆಸುವ ಪುಟ್ಟ ಹಲ್ಲುಚಕ್ರಗಳು ಪಕ್ಕದಲ್ಲಿ ಅಡಗಿರುತ್ತವೆ. ಅಲ್ಲಿನ ಹಳೇ ಗ್ರೀಸನ್ನು ಐಪಿಎ ಕರಗಿಸಲಿಲ್ಲ. ಮೂರು ಸಲ ಹಾಕಿದರೂ ಅಷ್ಟೇ.

ಮೂರನೆಯದು ಲೈಟರ್ ದ್ರವ. ಪಾನ್ ಅಂಗಡಿಯಲ್ಲಿ ಕೇಳಿದರೆ ಗ್ಯಾಸ್ ಡಬ್ಬಿ ಕೊಡ್ತಾರೆ. ಅದಲ್ಲ. ಬತ್ತಿ ಇರುವ ಹಳೇ ಮಾದರಿ ಲೈಟರಿಗೆ ತುಂಬುವ ನ್ಯಾಫ್ತಾ ಬೇಕು. ಸಿಗದೆ ಕೊನೆಗೆ ಆನ್‌ಲೈನ್ ತರಿಸಿದೆ, ಮೂರರಲ್ಲಿ ಇದೇ ದುಬಾರಿ. ಇನ್ಸುಲಿನ್ ಸಿರಿಂಜಿನಲ್ಲಿ ಎರಡೇ ಹನಿ ಬ್ಲೇಡಿನ ಅಂಚಿಗೆ ಬಿಟ್ಟೆ. ಐವತ್ತು ಸಲ ಶಟರ್ ಹೊಡೆದೆ, ಒರೆಸಿದೆ, ಮತ್ತೆ ಬಿಟ್ಟೆ. ಎರಡನೇ ಸುತ್ತಿನಲ್ಲಿ ಚಕ್ರದ 'ಝರ್ರ್' ಸದ್ದು ಬದಲಾಯಿತು. ಮೊದಲು ಎಳೆದೆಳೆದು ಬರುತ್ತಿದ್ದದ್ದು ಈಗ ಒಂದೇ ಸಮನೆ ಬಂತು. ನಾಲ್ಕು ಸುತ್ತಾದ ಮೇಲೆ 252 ಫ್ರೇಮು. ನಲವತ್ತು ವರ್ಷದ ಯಂತ್ರಕ್ಕೆ ಇನ್ನೇನು ಬೇಕು? ಮೇ ತಿಂಗಳ 42 ಡಿಗ್ರಿಯಲ್ಲಿ ಮತ್ತೆ ಅಳೆದೆ, 250ರ ಆಸುಪಾಸಿನಲ್ಲೇ ಇತ್ತು.

ಇವೆಲ್ಲ ಬೆಂಕಿ ಹಿಡಿಯುವ ಸರಕು. ನಾನು ಸಂಜೆ ಮಾಳಿಗೆ ಮೇಲೆ ಕೂತು ಮಾಡಿದ್ದು. ಅಡುಗೆಮನೆ ಕಡೆ ತರಲೇಬೇಡಿ.

ಒಂದು ತಪ್ಪನ್ನೂ ಹೇಳಿಬಿಡ್ತೀನಿ. ಲೆನ್ಸನ್ನು ಮತ್ತೆ ಕೂರಿಸುವಾಗ ಕೊನೆಯ ಕಾಲು ಸುತ್ತು ಬಿಗಿ ಮಾಡಿರಲಿಲ್ಲ. ಕೋಟೆ ಗುಡ್ಡದ ಬಂಡೆಗಳ ಹನ್ನೆರಡು ಫೋಟೋ, ಹನ್ನೆರಡೂ ಮಬ್ಬು. ಅರ್ಧ ದಿನ ಶಟರನ್ನೇ ಬೈದೆ. ಒಂದು ರೋಲಿಗೆ ಹತ್ತಿರಹತ್ತಿರ ಸಾವಿರ ರೂಪಾಯಿ!

ಇನ್ನು ಬಾಗಿಲಿನ ಸ್ಪಂಜು. ಹಳೆಯದನ್ನು ಕೆರೆಯುವ ಕೆಲಸದಲ್ಲಿ ಮಾತ್ರ ಐಪಿಎ ಎಲ್ಲರನ್ನೂ ಸೋಲಿಸಿತು. ಹಲ್ಲುಕಡ್ಡಿಗೆ ಹತ್ತಿ ಸುತ್ತಿ, ಅದ್ದಿ, ತಳ್ಳುತ್ತಾ ಹೋದರೆ ಟಾರು ಉಂಡೆ ಕಟ್ಟಿ ಬರುತ್ತೆ. ಹೊಸದಾಗಿ ಏನು ಹಾಕೋದು ಅನ್ನೋದಕ್ಕೆ ಮೂರು ನೋಡಿದೆ.

ಅಳತೆಗೆ ಕತ್ತರಿಸಿದ ಸ್ಪಂಜು ಕಿಟ್ ಹಾಕೋದು ಸುಲಭ, ಅಂದವಾಗಿ ಕೂರುತ್ತೆ. ಆದರೆ ಬಿಸಿಲಲ್ಲಿ ಒಂದು ಮಧ್ಯಾಹ್ನ ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟಿದ್ದಕ್ಕೆ ಅಂಟು ಜಾರಿ ಒಂದು ಪಟ್ಟಿ ಬಾಗಿಲಿನ ಜೊತೆ ಎದ್ದು ಬಂತು. ವೆಲ್ವೆಟ್ ಲೇಸ್ ದಪ್ಪ ಜಾಸ್ತಿ, ಬಾಗಿಲು ಒತ್ತಿ ಮುಚ್ಚಬೇಕಾಯಿತು, ಚಿಲಕದ ಮೇಲೆ ಭಾರ. ಕಪ್ಪು ಉಣ್ಣೆ ದಾರ ಇಪ್ಪತ್ತು ರೂಪಾಯಿಗೆ ಒಂದು ಉಂಡೆ. ಬಾಗಿಲಿನ ಅಂಚು ಕೂರುವ ಕಾಲುವೆಯೊಳಗೆ ಹಲ್ಲುಕಡ್ಡಿಯಿಂದ ಒತ್ತಿದರೆ ಅಂಟೇ ಬೇಡ, ಬೇಡವಾದರೆ ಎಳೆದು ತೆಗೆಯಬಹುದು. ಒಂದೇ ತಕರಾರು ಅಂದರೆ ನೂಲು ಉದುರುತ್ತೆ. ಒಂದು ಫೋಟೋದಲ್ಲಿ ಆಕಾಶದ ತುಂಬಾ ಕೂದಲಿನಂಥ ಗೆರೆ ಬಂತು. ದಾರವನ್ನು ಹಾಕುವ ಮುಂಚೆ ಟೇಪಿನಿಂದ ನಾಲ್ಕೈದು ಸಲ ಒತ್ತಿ ಎಳೆದರೆ ಸಡಿಲ ನೂಲು ಬಂದುಬಿಡುತ್ತೆ. ಈಗ ಕಾಲುವೆಯಲ್ಲಿ ದಾರ, ಕೀಲಿನ ಹತ್ತಿರ ಮಾತ್ರ ಕಿಟ್ಟಿನ ಸ್ಪಂಜು. ಪಕ್ಕದ ಮನೆ ಟೇಲರ್ ಅಣ್ಣ ಕಪ್ಪು ಜೀನ್ಸ್ ಬಟ್ಟೆ ಹಾಕು ಅಂದಿದ್ದರು, ಊರಿನ ಅಭಿಮಾನಕ್ಕೆ ಅದನ್ನೂ ನೋಡಿದೆ. ಅಂಚು ಬಿಚ್ಚಿ ಹೋಯಿತು.

ಕತ್ತಲ ಕೋಣೆಯಲ್ಲಿ ಕ್ಯಾಮೆರಾದೊಳಗೆ ಕೀಚೈನ್ ಟಾರ್ಚ್ ಹಚ್ಚಿಟ್ಟು ಮುಚ್ಚಿದರೆ ಸೋರುವ ಜಾಗ ಕಾಣುತ್ತೆ. ಆದರೂ ಒಂದು ರೋಲ್ ಹೊಡೆದು ನೋಡಲೇಬೇಕು. ಟಾರ್ಚಿಗೆ ಕಾಣದ ಒಂದು ಸಂದು ನನಗೆ ಫಿಲ್ಮಿನಲ್ಲೇ ಸಿಕ್ಕಿದ್ದು. ಕಪ್ಪು-ಬಿಳುಪು ನೆಗೆಟಿವ್ ತೊಳೆಯಲು ನೀರು ಸಾಮಾನ್ಯವಾಗಿ 20 ಡಿಗ್ರಿ ಇರಬೇಕು. ಮೇನಲ್ಲಿ ನಮ್ಮ ಮನೆ ನಲ್ಲಿ ನೀರಿಗೆ ಟೀ ಪುಡಿ ಹಾಕಬಹುದು, ಹಾಗಾಗಿ ಫ್ರಿಜ್ಜಿನ ಐಸ್ ಎಲ್ಲಾ ಖಾಲಿ.

ಕ್ಯಾಮೆರಾ ಮೈಯಿಂದ ಕಿತ್ತು ಬಂದ ರೆಕ್ಸಿನ್ನಿಗೆ ಎರಡು ಬದಿ ಅಂಟುವ ಟೇಪ್ ಬೇಡ, ಸೆಕೆಗೆ ಜಾರುತ್ತೆ. ಚಪ್ಪಲಿ ಅಂಟಿಸುವ ರಬ್ಬರ್ ಅಂಟೇ ಸರಿ. ಒಳಗಿನ ಕನ್ನಡಿಗೆ ಗಾಳಿ ಊದುವ ರಬ್ಬರ್ ಬುಡ್ಡೆ ಸಾಕು. ಅದರ ಬೆಳ್ಳಿ ಲೇಪ ಗಾಜಿನ ಮೇಲ್ಗಡೆಯೇ ಇರುತ್ತೆ. ನಾನು ಅಂಗಿ ತುದಿಯಲ್ಲಿ ಒರೆಸಿ ಮೂರು ಗೀರು ಮಾಡಿಕೊಂಡಿದ್ದೇನೆ. ಫೋಟೋದಲ್ಲಿ ಬರಲ್ಲ, ನೋಡುವಾಗ ಮಾತ್ರ ಕಣ್ಣಿಗೆ ಚುಚ್ಚುತ್ತೆ.

ಕೊನೆಗೆ ಬೆಳಕಿನ ಮೀಟರ್. ಅದು ಕೇಳುವುದು 1.35 ವೋಲ್ಟಿನ ಪಾದರಸದ ಬ್ಯಾಟರಿ, ಅದು ಈಗ ಸಿಗಲ್ಲ. ಗಡಿಯಾರದ ಅಂಗಡಿಯ 1.5 ವೋಲ್ಟಿನದು ಹಾಕಿದರೆ ಮೀಟರ್ ತಪ್ಪು ತೋರಿಸಿತು. ಕಿವಿ ಮಿಷನ್ನಿನ 675 ನಂಬರಿನ ಬ್ಯಾಟರಿ 1.4 ವೋಲ್ಟು, ಸುತ್ತ ಒಂದು ರಬ್ಬರ್ ವಾಷರ್ ಕೂರಿಸಿದರೆ ಅಲ್ಲಾಡಲ್ಲ. ಫೋನಿನ ಮೀಟರ್ ಆ್ಯಪ್ ಜೊತೆ ಇಟ್ಟು ನೋಡಿದೆ, ಎರಡೂ ಒಂದೇ ಹೇಳಿದವು. ಆದರೆ ಈ ಬ್ಯಾಟರಿಯ ಸ್ಟಿಕರ್ ಕಿತ್ತ ಕೂಡಲೇ ಗಾಳಿ ಸೇರಿ ಖರ್ಚಾಗಲು ಶುರು. ಬಳ್ಳಾರಿಯ ಒಣ ಗಾಳಿಗೆ ನನ್ನದು ಐದು ವಾರ ಬಂತು. ಈಗ ಬ್ಯಾಟರಿ ಮನೆ ಖಾಲಿ ಇದೆ, ಫೋನಿನ ಆ್ಯಪ್ ನೋಡಿಕೊಂಡೇ ಹೊಡೀತಿದ್ದೀನಿ. ಮಾವನಿಗೆ ಅದೂ ಬೇಡ. ನೆರಳಲ್ಲಿ ನಿಂತವರನ್ನು ಒಂದು ಸಲ ನೋಡಿ "ಐದೂವರೆ, ಅರವತ್ತು" ಅಂತಾರೆ, ಅಂದರೆ ಲೆನ್ಸಿನ ಕಿಂಡಿ 5.6, ಶಟರ್ ವೇಗ 1/60. ಆ್ಯಪ್ ತೆಗೆದು ನೋಡಿದರೆ ಅಷ್ಟೇ ಇರುತ್ತೆ.